‘ಒಡೀ’ ಎಂದಮೇಲೆ ಮುನಿರಾಜು ಏನೆಂದ?

ಎಂಬತ್ತರ ದಶಕದ ನಡುಭಾಗ. ಪೀಣ್ಯದ ಒಂದು ಎಲೆಕ್ಟ್ರಾನಿಕ್ಸ್ ಕಾರ್ಖಾನೆಯ ವಿಡಿಯೊ ವಿಭಾಗದಲ್ಲಿ ನಾನು ಸರ್ವಿಸ್ ಎಂಜಿನಿಯರ್ ಆಗಿದ್ದೆ. ವಿಸಿಆರ್ ಎಂದರೆ ಜನ ಆಗಿನ್ನೂ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ ಕಾಲ. ನನಗೆ ಮಾತ್ರ ಅದು ಧೂಳು ಹಿಡಿದ ಹೆಡ್ಡು, ಸವೆದ ಬೆಲ್ಟು, ಸುರುಳಿ ಸಿಕ್ಕಿಕೊಂಡ ಕ್ಯಾಸೆಟ್ಟು. ಮದುವೆ ಶೂಟಿಂಗ್‌ನವರ ಯಂತ್ರ ಕೆಟ್ಟರೂ, ಸರ್ಕಾರದ ಯಂತ್ರ ಕೆಟ್ಟರೂ ನನ್ನ ಮೇಜಿಗೇ ಬರುತ್ತಿತ್ತು. ಕೋರ್ಟಿಗೆ ವಿಡಿಯೊ ತಿಳಿದವನೊಬ್ಬ ಬೇಕಾದಾಗ ಅದನ್ನೂ ತಂದು ನನ್ನ ತಲೆಗೇ ಕಟ್ಟಿದರು.

ವೈಟ್‌ಫೀಲ್ಡ್ ಕಡೆಯ ಒಂದು ಫ್ಯಾಕ್ಟರಿಯಲ್ಲಿ ಮುಷ್ಕರ ನಡೆದಿತ್ತು. ಗೇಟಿನ ಮುಂದೆ ಗಲಾಟೆಯಾಗಿ, ಯಾರೋ ಬೀಸಿದ ಕಲ್ಲಿಗೆ ಒಬ್ಬ ಕಾನ್‌ಸ್ಟೇಬಲ್‌ನ ಕಣ್ಣು ಹೋಯಿತು. ಪಾಪ, ಅವನದೂ ಸಣ್ಣ ವಯಸ್ಸು. ಮರುವಾರವೇ ಸರ್ಕಾರ ಒಂದು ವಿಡಿಯೊ ಬಿಡುಗಡೆ ಮಾಡಿತು. ಅದರಲ್ಲಿ ದೊಡ್ಡನೆಕ್ಕುಂದಿಯ ಮುನಿರಾಜು ಎಂಬ ಫಿಟ್ಟರ್ ಗುಂಪಿನ ಮುಂದೆ ಕೈಯೆತ್ತಿ ‘ಒಡೀ’ ಎಂದು ಕೂಗುತ್ತಾನೆ. ಮರುಕ್ಷಣವೇ ಕಲ್ಲು ಬೀಳುತ್ತದೆ. ಆ ಊರಿನವರ ನಾಲಿಗೆಗೆ ‘ಹ’ಕಾರ ಒಗ್ಗುವುದಿಲ್ಲ, ‘ಹೊಡಿ’ ಎನ್ನುವುದನ್ನು ‘ಒಡಿ’ ಎನ್ನುತ್ತಾರೆ. ಇನ್ನೇನು ಬೇಕು? ಗುಂಪನ್ನು ಪ್ರಚೋದಿಸಿದ ಎಂದು ಮುನಿರಾಜುವನ್ನು ಒಳಗೆ ಹಾಕಿದರು. ಕೆಲಸ ಹೋಯಿತು. ಆರೋಪ ಸಾಬೀತಾದರೆ ವರ್ಷಗಟ್ಟಲೆ ಜೈಲು ಕಾದಿತ್ತು.

ವಾರ್ತೆಯಲ್ಲಿ ಆ ದೃಶ್ಯವನ್ನು ಮತ್ತೆ ಮತ್ತೆ ತೋರಿಸಿದರು. ನಾನು ಅದನ್ನು ಪರೀಕ್ಷಿಸಬೇಕಾಗಿದೆ ಎಂದಾಗ ನನ್ನ ಹೆಂಡತಿ ನಕ್ಕುಬಿಟ್ಟಳು. “ಟೀವೀಲೇ ತೋರಿಸಿದಾರಲ್ರೀ! ಅದಕ್ಕಿಂತ ಇನ್ನೇನ್ ನೋಡ್ತೀರ ನೀವು?” ಅವಳನ್ನು ಅಂದು ಫಲವಿಲ್ಲ, ಇಡೀ ಊರೇ ಹಾಗೆ ಅನ್ನುತ್ತಿತ್ತು.

ಮುನಿರಾಜು ಮಾತ್ರ ಸಿಕ್ಕಿಬಿದ್ದ ದಿನದಿಂದ ತನ್ನ ವಕೀಲೆ ಶಾರದಮ್ಮನವರಿಗೆ ಒಂದೇ ಮಾತು ಹೇಳಿದ್ದ: “ಒಡೀಬ್ಯಾಡ್ರೋ ಅಂದೆ ಅಮ್ಮಾ, ಒಡೀಬ್ಯಾಡ್ರೋ ಅಂತ.” ಹೊಡೆಯಬೇಡಿ ಎಂದು ತಡೆದೆ ಎಂಬುದು ಅವನ ವಾದ.

ಮೊದಲು ಮೂಲ ಟೇಪ್ ಕೊಡಿ ಎಂದು ಕೇಳಿದೆ. ನಕಲನ್ನು ನೋಡಿ ಅಸಲಿನ ಬಗ್ಗೆ ಹೇಳುವುದು ಅಂದಾಜಿನ ಕೆಲಸ. ಕಾದು ಕಾದು ಸಾಕಾದ ಮೇಲೆ ವಾರ್ತಾ ಇಲಾಖೆಯಿಂದ ಉತ್ತರ ಬಂತು: ಮೂಲ ಟೇಪಿನ ಮೇಲೆ ಯಾವುದೋ ಶಂಕುಸ್ಥಾಪನೆ ಸಮಾರಂಭವನ್ನು ರೆಕಾರ್ಡ್ ಮಾಡಿಬಿಟ್ಟಿದ್ದಾರೆ. ಬೇಕೆಂದೇ ಮಾಡಿದರೋ, ಕ್ಯಾಸೆಟ್ ಉಳಿಸಲು ಮಾಡಿದರೋ, ದೇವರೇ ಬಲ್ಲ. ಬೇಕೆಂದೇ ಮಾಡುವಷ್ಟು ಶ್ರದ್ಧೆ ಆ ಕಚೇರಿಯಲ್ಲಿ ನಾನಂತೂ ಕಂಡಿರಲಿಲ್ಲ.

ಉಳಿದದ್ದು ನಕಲು. ವಿಡಿಯೊ ಎಂದರೆ ಸೆಕೆಂಡಿಗೆ ಇಪ್ಪತ್ತೈದು ನಿಶ್ಚಲ ಚಿತ್ರಗಳು. ಒಂದೊಂದನ್ನೇ ಫ್ರೇಮ್ ಎನ್ನುತ್ತೇವೆ. ಸ್ಟುಡಿಯೊ ಯಂತ್ರದಲ್ಲಿ ಹಾಕಿ ಒಂದೊಂದೇ ಫ್ರೇಮ್ ಸರಿಸಿದೆ. ‘ಒಡೀ’ ಆದ ಕೂಡಲೇ ಚಿತ್ರದ ಅಂಚು ನಡುಗುತ್ತಿತ್ತು. ಹಿಂದೆ ಬರುತ್ತಿದ್ದ ಬಸ್ಸು ಮುಂದಿನ ಫ್ರೇಮಿನಲ್ಲಿ ಮಂಗಮಾಯ! ಅಂದರೆ ಅಲ್ಲಿ ಜೋಡಣೆಯಿದೆ. ಕ್ಯಾಮೆರಾ ನಿಲ್ಲಿಸಿ ಮತ್ತೆ ಶುರುಮಾಡಿದರೋ, ನಡುವಿನದನ್ನು ಆಮೇಲೆ ತೆಗೆದರೋ, ಆ ನಕಲಿನಲ್ಲಿ ಎರಡೂ ಒಂದೇ ಥರ ಕಾಣುತ್ತದೆ. ಆದರೆ ಆ ಜೋಡಣೆಗೆ ಮುಂಚಿನ ಕೊನೆಯ ಫ್ರೇಮಿನಲ್ಲಿ ಮುನಿರಾಜುವಿನ ತುಟಿಗಳು ಕೂಡಿದ್ದವು.

ಯಂತ್ರದ ಮುಂದೆ ಕುಳಿತು ನಾನೇ ಹೇಳಿಕೊಂಡು ನೋಡಿದೆ. ‘ಒಡೀರೋ’ ಎಂದರೆ ತುಟಿ ಕೂಡುವುದಿಲ್ಲ. ‘ಒಡೀಬ್ಯಾಡ್ರೋ’ ಎನ್ನಲು ‘ಬ’ಕಾರಕ್ಕೆ ಕೂಡಲೇಬೇಕು. ಪಕ್ಕದ ಮೇಜಿನವನು ಕೇಳಿಸಿಕೊಂಡು, “ಏನ್ ಗುರು, ನಿಂಗೂ ಸ್ಟ್ರೈಕ್ ಹತ್ಕೊಂಡ್‌ಬಿಡ್ತಾ?” ಎಂದ. ನನಗೆ ನಗು ಬರಲಿಲ್ಲ. ಒಂದು ಅಕ್ಷರಕ್ಕೆ ಒಬ್ಬನ ಬದುಕು ನೇತುಬಿದ್ದಿತ್ತು.

ಕೋರ್ಟಿನಲ್ಲಿ ಇದನ್ನೇ ಹೇಳಿದೆ. ಸರ್ಕಾರಿ ವಕೀಲರು ಬಿಡಲಿಲ್ಲ.

“ಒಡಿ ಅಂತ ಕೂಗಿ ಬಾಯಿ ಮುಚ್ಚಿರಬಹುದಲ್ರೀ?”

“ಮುಚ್ಚಿರಬಹುದು ಸಾರ್. ಆದ್ರೆ ಅಷ್ಟು ಜನಕ್ಕೆ ‘ಒಡಿ’ ಅಂತ ಏಕವಚನದಲ್ಲಿ ಯಾರ್ ಹೇಳ್ತಾರೆ? ಒಡೀರಿ ಅಂತಾರೆ, ಒಡೀರೋ ಅಂತಾರೆ. ಇಲ್ಲಿ ‘ಡೀ’ ಅಂತ ಎಳೆದಿದಾನೆ. ಮಾತು ಮುಗಿದೇ ಇಲ್ಲ.”

ನ್ಯಾಯಾಧೀಶರು ಪೆನ್ನು ಕೆಳಗಿಟ್ಟು, ಮೆಲ್ಲಗೆ “ಒಡೀರೋ... ಒಡೀಬ್ಯಾಡ್ರೋ...” ಎಂದು ತಮ್ಮ ತುಟಿಯನ್ನೇ ಮುಟ್ಟಿ ನೋಡಿಕೊಂಡರು. ಬೆಂಚ್ ಕ್ಲರ್ಕೂ ಗುನುಗಿದ, ಪೊಲೀಸಿನವನೂ ಗುನುಗಿದ. ಕೊನೆಗೆ ಸರ್ಕಾರಿ ವಕೀಲರ ತುಟಿಯೂ ಅಲ್ಲಾಡಿದ್ದನ್ನು ನಾನು ಕಂಡೆ. ಇಡೀ ಕೋರ್ಟು ಒಂದನೇ ಕ್ಲಾಸಿನ ಹಾಗೆ ಅಕ್ಷರಾಭ್ಯಾಸ ಮಾಡುತ್ತಿತ್ತು. “ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರಲ್ಲ, ಅದು ಟೀವಿಗೂ ಅನ್ವಯಿಸುತ್ತೆ,” ಎಂದರು ನ್ಯಾಯಾಧೀಶರು.

ಟೇಪನ್ನು ನೆಚ್ಚಲಾಗದು ಎಂದು ತೀರ್ಪಾಯಿತು. ಟೇಪಿಗೆ ಒಂದೇ ವಾರದಲ್ಲಿ ಬಿಡುಗಡೆ ಸಿಕ್ಕಿತ್ತು. ಮುನಿರಾಜುವಿಗೆ ಸಿಗಲು ಎರಡು ವರ್ಷ ಹಿಡಿಯಿತು. ಆ ಸುದ್ದಿಯನ್ನು ಯಾವ ವಾರ್ತೆಯಲ್ಲೂ ತೋರಿಸಲಿಲ್ಲ.

ಕೋರ್ಟಿನ ಹೊರಗೆ, ಹುಣಸೆಮರದ ಕೆಳಗೆ ಅವನು ನನ್ನ ಕೈ ಹಿಡಿದುಕೊಂಡ. ಕೃತಜ್ಞತೆ ಹೇಳುತ್ತಾನೆ ಎಂದುಕೊಂಡೆ. ಅವನು ಸುತ್ತ ನೋಡಿ, ದನಿ ತಗ್ಗಿಸಿ ಕೇಳಿದ:

“ಸಾರ್, ನಿಜ ಯೋಳಿ. ನಾನು ಬ್ಯಾಡ ಅಂತಾನೇ ಅಂದ್ನಾ?”

“ಇದೇನಯ್ಯ ಹೀಗ್ ಕೇಳ್ತೀಯ? ನೀನ್ ಅಂದಿದ್ದು ನಿಂಗೇ ನೆನಪಿಲ್ವಾ?”

“ನೆಪ್ಪಿತ್ತು ಸಾರ್,” ಎಂದ, “ಆ ಟೇಪ್ ನೋಡೋಗಂಟ ಚೆನ್ನಾಗೇ ನೆಪ್ಪಿತ್ತು. ಟೇಸನ್ನಾಗೆ ಅದೆಷ್ಟು ದಪ ತೋರ್ಸುದ್ರೋ. ಈಗ ಕಣ್ಣು ಮುಚ್ಚುದ್ರೆ ಒಡೀ ಅಂದಿದ್ದೇ ಕೇಳಿಸ್ತದೆ, ಆ ಪೋಲೀಸ್ ಉಡುಗನ್ ಮಕ ಕಾಣಿಸ್ತದೆ. ಮುಂದ್ಕೆ ಏನೂ ಇಲ್ಲ.”

ಫ್ರೇಮಿನಲ್ಲಿ ತುಟಿ ಕೂಡಿತ್ತು ಎಂದಷ್ಟೇ ನಾನು ಬಲ್ಲೆ. ಅದನ್ನೇ ಹೇಳಿದೆ. ಅವನು ತಲೆಯಾಡಿಸಿ ಬಸ್ಸಿಗೆ ಹೋದ.

ನಿವೃತ್ತನಾಗುವವರೆಗೂ ಇಂಥ ಕೆಲಸಗಳು ಬರುತ್ತಲೇ ಇದ್ದವು. ಟೇಪು ಅಸಲಿಯೋ ನಕಲಿಯೋ ಹೇಳಿ ಸಾರ್ ಎಂದು ಎಲ್ಲರಿಗೂ ಅವಸರ. ಕೈಗೆ ತೆಗೆದುಕೊಳ್ಳುವ ಮುಂಚೆ ನಾನು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: “ಇದನ್ನ ಆರೋಪಿಗೆ ಆಗಲೇ ತೋರಿಸಿಬಿಟ್ರಾ?”