ವಾಪಸ್ ಬೇಡದ ಡಬ್ಬಿ

ನಮ್ಮ ಅಡುಗೆಮನೆಯ ಕಪಾಟಿನ ಬಾಗಿಲು ತೆಗೆದರೆ ತಲೆಯ ಮೇಲೆ ಪ್ಲಾಸ್ಟಿಕ್ ಮಳೆ. ಐಸ್‌ಕ್ರೀಮ್ ಮುಗಿದ ಡಬ್ಬಿ, ಬಿರಿಯಾನಿ ಬಂದ ಡಬ್ಬಿ, ಮುಚ್ಚಳವಿಲ್ಲದ ಡಬ್ಬಿ, ಡಬ್ಬಿಯಿಲ್ಲದ ಮುಚ್ಚಳ. ಇವಕ್ಕೆ ಜೋಡಿ ಹುಡುಕುವುದಕ್ಕಿಂತ ಶಿಡ್ಲಘಟ್ಟದಲ್ಲಿ ಹೆಣ್ಣಿಗೆ ಗಂಡು ಹುಡುಕುವುದು ಸುಲಭ. ಎಸೆಯೋಣವೇ ಅಂದರೆ, ಮಕ್ಕಳೇ, ನಿಮ್ಮಮ್ಮ, "ಇರಲಿ ಅತ್ತೆ, ಯಾವುದಕ್ಕಾದ್ರೂ ಬರುತ್ತೆ" ಅನ್ನುತ್ತಾಳೆ. ಇದುವರೆಗೆ ಬಂದದ್ದು ಜಿರಳೆ ಮಾತ್ರ.

ನಿಮ್ಮಪ್ಪ ಇನ್ನೂ ಜಾಣ. ಹೋಟೆಲಿನವರು ಕುದಿಯುವ ಸಾಂಬಾರನ್ನು ಕವರಿಗೆ ಸುರಿದು ಗಂಟು ಹಾಕಿ ಕೊಡುತ್ತಾರೆ. ಅದನ್ನು ಸ್ಕೂಟರಿಗೆ ನೇತುಹಾಕಿಕೊಂಡು ಬಂದು, ಬಡಿಸಿಕೊಂಡು, ನಮ್ಮ ಬೋರ್‌ವೆಲ್ ನೀರಿನ ಫ್ಲೋರೈಡ್ ಬಗ್ಗೆ ಭಾಷಣ ಮಾಡುತ್ತಾನೆ. ಆ ಕವರು ಸಾಂಬಾರಿಗೆ ಏನೇನು ಸೇರಿಸಿತೋ ಅಂತ ಕೇಳಲು ನನಗೆ ಸಂಕೋಚ. ನಾನು ಹಳ್ಳಿ ಶಾಲೆಯಲ್ಲಿ ಓದಿದವಳು, ಅವನು ಸೈನ್ಸ್ ಓದಿದವನು.

ಇಷ್ಟನ್ನೂ ಸಹಿಸಿದ್ದೆ. ಸಹಿಸಲಾಗದ್ದು ನಡೆದದ್ದು ಈ ಯುಗಾದಿಗೆ.

ಬಂದ ಪಾತ್ರೆಯನ್ನು ಖಾಲಿ ಕಳಿಸಬಾರದು ಅನ್ನುವುದು ನಮ್ಮ ಕಡೆಯ ಪದ್ಧತಿ. ಏನೂ ಇಲ್ಲದಿದ್ದರೆ ಚಿಟಿಕೆ ಸಕ್ಕರೆಯಾದರೂ ಹಾಕಬೇಕು. ಪಕ್ಕದ ಮನೆಯ ಖುರ್ಷಿದ್‌ಬಿ ರೇಷ್ಮೆ ನೂಲು ತೆಗೆಯುವ ಮನೆಯವಳು, ನಾನು ಈ ಬೀದಿಗೆ ಸೊಸೆಯಾಗಿ ಬಂದಾಗಿನ ಗೆಳತಿ. ಒಂದು ಸ್ಟೀಲ್ ಡಬ್ಬಿಯಲ್ಲಿ ಒಬ್ಬಟ್ಟು ಹೋಗುತ್ತಿತ್ತು, ರಂಜಾನಿಗೆ ಅದರಲ್ಲೇ ಶೀರ್‌ಖುರ್ಮಾ ಅನ್ನುವ ಶಾವಿಗೆ ಪಾಯಸ ಬರುತ್ತಿತ್ತು. ಡಬ್ಬಿ ಯಾರದೆಂದು ಇಬ್ಬರಿಗೂ ಮರೆತುಹೋಗಿತ್ತು. ನನ್ನವರು ತೀರಿಕೊಂಡ ವರ್ಷ ಅದೇ ಡಬ್ಬಿಯಲ್ಲಿ ದಿನವೂ ಗಂಜಿ ಬರುತ್ತಿತ್ತು.

ಈ ಯುಗಾದಿಗೆ ನಿಮ್ಮಮ್ಮ ತುಪ್ಪ ಸುರಿಯುವ ಬಿಸಿ ಒಬ್ಬಟ್ಟನ್ನು ಪ್ಲಾಸ್ಟಿಕ್ ಡಬ್ಬಿಗೆ ತುಂಬಿ ಅವಳಿಗೆ ಕಳಿಸಿ, ಫೋನಿನಲ್ಲಿ, "ಆಂಟಿ, ವಾಪಸ್ ಏನೂ ಬೇಡ, ಬಿಸಾಕಿಬಿಡಿ" ಅಂದಳು. ಬಿಸಾಕುವುದಾದರೂ ಎಲ್ಲಿಗೆ? ಕೆರೆಯ ಹತ್ತಿರ ಹೋಗಿ ನೋಡಿ, ಊರು ಉಂಡದ್ದೆಲ್ಲ ಅಲ್ಲಿ ತೇಲುತ್ತಿದೆ.

ಮಾರನೆಯ ದಿನವೇ ರಂಜಾನ್. ಶೀರ್‌ಖುರ್ಮಾ ಬರಲಿಲ್ಲ. ಕಾಂಪೌಂಡ್ ಗೋಡೆಯ ಬಳಿ ಖುರ್ಷಿದ್‌ಬಿಯೂ ಬರಲಿಲ್ಲ. ವಾರ ಕಳೆಯಿತು. ನನಗೆ ಅನ್ನ ಸೇರದು, ಹೋಗಿ ಕೇಳಲು ಬಾಯಿ ಬಾರದು. ಕೊನೆಗೆ ಹುಳಿಯವಲಕ್ಕಿ ಮಾಡಿ, ಸ್ಟೀಲ್ ಡಬ್ಬಿಗೆ ತುಂಬಿ, ನಾನೇ ಹೋಗಿ ಅವಳ ಬಾಗಿಲಲ್ಲಿ ನಿಂತೆ.

"ಏನಕ್ಕಾ," ಅಂದಳು ಮುಖ ನೋಡದೆ. "ನಮ್ಮನೇದು ವಾಪಸ್ ಏನೂ ಬೇಡ ಅಂತ ಹೇಳಿಸಿದ್ರಲ್ಲ. ಕಾಲ ಹಿಂಗಿದೆ, ನೀವೂ ಹಂಗೇ ಆದ್ರಿ ಅಂದ್ಕೊಂಡೆ."

"ಅಯ್ಯೋ, ಅವಳು ಬೇಡ ಅಂದಿದ್ದು ಡಬ್ಬಿ ಕಣೇ!"

"ಡಬ್ಬಿ ಬೇಡ ಅಂದ್ರೆ ಖುರ್ಮಾ ಯಾತರಲ್ಲಿ ಕಳಿಸ್ಲಿ, ಸೆರಗಲ್ಲಾ?"

ಇಬ್ಬರೂ ನಕ್ಕೆವು. ಆಮೇಲೆ ಅವಳು ಅದೇ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಸುದ್ದಿ ಕೇಳಿ ನಿಮ್ಮಮ್ಮ ಪೆಚ್ಚಾದಳು. ಇನ್ನು ಪ್ಲಾಸ್ಟಿಕ್ ಬೇಡ ಅಂತ ಆನ್‌ಲೈನಿನಲ್ಲಿ ಗಾಜಿನ ಡಬ್ಬಿ ತರಿಸಿದ್ದಾಳೆ. ಅವುಗಳಿಗೆ ಸುತ್ತಿ ಬಂದ ಪ್ಲಾಸ್ಟಿಕ್ಕಿನಲ್ಲಿ ನಮ್ಮ ಹಸುವಿಗೊಂದು ಹಾಸಿಗೆ ಆಗುತ್ತಿತ್ತು. ಆದರೂ ಒಳ್ಳೆಯದೇ, ಮಕ್ಕಳೇ. ಗಾಜೋ ಸ್ಟೀಲೋ, ನೀವು ಯಾರಿಗೆ ಏನು ಕೊಟ್ಟರೂ, "ಡಬ್ಬಿ ಮಾತ್ರ ವಾಪಸ್ ಬೇಕು ಕಣಮ್ಮ" ಅಂತ ನಾಚದೆ ಹೇಳಿ. ಅಷ್ಟು ಜಿಪುಣತನವಿಲ್ಲದೆ ಸ್ನೇಹ ಬಾಳುವುದಿಲ್ಲ.