ಎರಡೂ ಕಡೆ ಬಿದ್ದ ಹೂ

ಗೆಳೆಯರೇ, ವಸತಿ ಶಾಲೆಯ ಪ್ರವೇಶ ಪರೀಕ್ಷೆ ಈ ಸಲ ಬದಲಾಗಿದೆ, ಲೆಕ್ಕವೇ ಹೆಚ್ಚಂತೆ. ಐದನೇ ಕ್ಲಾಸಿನ ಮಗಳಿಗೆ ಲೆಕ್ಕ ಕಷ್ಟ, ಅರ್ಜಿಗೆ ನಾಳೆಯೇ ಕೊನೆ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟ ನನಗೆ ಏನೂ ತೋಚದೆ, ಇವತ್ತು ಅವಳನ್ನೂ ಕರೆದುಕೊಂಡು ತೋವಿನಕೆರೆಯಲ್ಲಿ ದೇವಿಯ ಗುಡಿಗೆ ಹೋಗಿ ಹೂ ಕೇಳಿದೆ. ಬಲಕ್ಕೆ ಬಿದ್ದರೆ ಅರ್ಜಿ ಹಾಕುವುದು, ಎಡಕ್ಕೆ ಬಿದ್ದರೆ ಬೇಡ.

ದೀಪ ಕೂಡ ಅಲುಗಲಿಲ್ಲ. ದೇವಿಯ ಎರಡೂ ಭುಜದ ಹೂ ಒಟ್ಟಿಗೇ ಬಿದ್ದವು.

ಪೂಜಾರಪ್ಪ ಮಂಗಳಾರತಿ ತಟ್ಟೆ ಕೆಳಗಿಟ್ಟರು. "ಇಂಗೆ ಯಾವತ್ತೂ ಆಗಿಲ್ಲ ಕಣಮ್ಮ. ಇನ್ನೊಬ್ರು ಯಾರು ಕೇಳಿದ್ದು?"

ಮಗಳು ನನ್ನ ಸೆರಗು ಹಿಡಿದಳು. "ನಾನು ಕಣಮ್ಮ. ನಿನ್ನ ಬುಟ್ಟು ಹಾಸ್ಟೆಲಿಗೆ ಹೋಗಕಿಲ್ಲ ಅಂತ ಮನ್ಸಲ್ಲೇ ಕೇಳ್ದೆ."

ಆರು ತಿಂಗಳು ಅವಳನ್ನು ಟ್ಯೂಷನ್ನಿಗೆ ಎಳೆದೊಯ್ದ ನನಗೆ ಕೇಳಿಸದ ಮಾತು ಆ ಕಲ್ಲಿಗೆ ಕೇಳಿಸಿದೆ.