ಬೆಲ್ಲ ಬಿದ್ದ ಕುಂಬಳದ ಸಾರು

ಮೆಕ್ಸಿಕೋದ ದಕ್ಷಿಣ ಗಡಿಯ ನಮ್ಮ ತಪಾಚುಲಾಕ್ಕೆ ಯಾರೂ ಉಳಿಯಲೆಂದು ಬರುವುದಿಲ್ಲ. ದಕ್ಷಿಣದ ಹೊಳೆ ದಾಟಿ ಬರುತ್ತಾರೆ, ಉತ್ತರಕ್ಕೆ ಹೋಗುವ ಕಾಗದಕ್ಕಾಗಿ ಕಚೇರಿ ಮುಂದೆ ಸಾಲು ನಿಲ್ಲುತ್ತಾರೆ. ಕಾಗದ ಬಂದವರು ಬಸ್ಸು ಹತ್ತುತ್ತಾರೆ, ಬಾರದವರು ಬೇಸತ್ತು ಗುಂಪು ಕಟ್ಟಿಕೊಂಡು ನಡೆದೇ ಹೋಗುತ್ತಾರೆ. ಆ ಕಚೇರಿ ಎದುರು ಅವರ ಪರವಾಗಿ ನಾವೂ ಧಿಕ್ಕಾರ ಕೂಗಿ ಗಂಟಲು ಹರಿದುಕೊಂಡವರೇ. ಕಿಟಕಿ ಇವತ್ತಿಗೂ ತಡವಾಗಿಯೇ ತೆರೆಯುತ್ತದೆ.

ಕಾಯುವವರಿಗೆ ಮಲಗಲು ಜಾಗ ಬೇಕಲ್ಲ. ನಮ್ಮ ಓಣಿಯಲ್ಲಿ ಆ ಜಾಗ ಎಲ್ಪಿದಿಯಾ ತೋವಿಯಾಳ ಮನೆ. ಓಣಿಗೆಲ್ಲ ಆಕೆ ‘ದೋನ್ಯಾ’, ಅಂದರೆ ಅಮ್ಮಾವ್ರು. ಅರವತ್ತು ದಾಟಿದ ಹೆಂಗಸು, ಊದಿಕೊಂಡ ಮೊಣಕಾಲು. ಗಂಡ ಬಾಳೆ ತೋಟದಲ್ಲಿ ಔಷಧಿ ಹೊಡೆದು ಹೊಡೆದು ಎದೆ ಕಟ್ಟಿ ಸತ್ತ. ಅಂಗಳದ ಸುತ್ತ ಬಾಡಿಗೆ ಕೋಣೆಗಳು, ನಡುವೆ ಎಲ್ಲರಿಗೂ ಸೇರಿ ಒಂದೇ ಒಲೆ. ಆ ಒಲೆಯಿಂದಲೇ ಅವಳಿಗೆ ಹುಚ್ಚು ಹತ್ತಿದ್ದು. ಬಂದವರು ಏನು ಬೇಯಿಸುತ್ತಾರೆಂದು ಮಗ್ಗುಲಲ್ಲಿ ನಿಂತು ನೋಡುವುದು, ಮರುದಿನ ತಾನೂ ಅದನ್ನೇ ಬೇಯಿಸಿ ಅವರ ಮುಂದೆ ಇಡುವುದು.

ಕ್ಯಾಮರೂನಿನ ಒಬ್ಬ ಮೇಸ್ತ್ರಿಗೆ ಅವನೂರಿನ ಕಹಿಸೊಪ್ಪಿನ ಶೇಂಗಾ ಗೊಜ್ಜು ಮಾಡಿಕೊಟ್ಟಳು. ಆ ಸೊಪ್ಪು ಇಲ್ಲಿ ಸಿಗದು, ನಮ್ಮ ಚಿಪಿಲಿನ್ ಸೊಪ್ಪನ್ನೇ ಅರೆದಳು. ಬಾಂಗ್ಲಾದೇಶದವನಿಗೆ ಬೇಳೆ ಸಾರು ಮಾಡಿದಳು, ಸಾಸಿವೆ ಸಿಡಿಯುವ ಮೊದಲೇ ಬೇಳೆ ಸುರಿದುಬಿಟ್ಟಳು. ಇಬ್ಬರೂ ಮರ್ಯಾದಸ್ಥರು, ತಟ್ಟೆ ಖಾಲಿ ಮಾಡಿ ಒಂದೇ ಮಾತು ಹೇಳಿದರು: “ಹತ್ತಿರ ಬಂದಿದೆ ದೋನ್ಯಾ.” ಇನ್ನೊಮ್ಮೆ ಮಾಡಿ ತೋರಿಸೋಣವೆಂದರೆ ಆಳೇ ಇಲ್ಲ, ಕೋಣೆ ಖಾಲಿ.

“ಹತ್ತಿರ ಅಂತೆ, ಹತ್ತಿರ!” ಎಂದು ಒಂದು ಸಂಜೆ ಬಾಗಿಲಲ್ಲಿ ಕೂತು ಕಾಲು ತಿಕ್ಕಿಕೊಳ್ಳುತ್ತ ನೆರೆಮನೆಯ ನನ್ನ ಮೇಲೆ ರೇಗಿದಳು. “ಎಲ್ಲಾ ದೇಶದ ಬಾಗಿಲ ತನಕ ಹೋಗ್ಬಂದೆ, ಒಂದರೊಳಗೂ ಕಾಲಿಟ್ಟಿಲ್ಲ. ಹೋಗೋ ಮುಂಚೆ ಒಬ್ರಾದ್ರೂ ‘ಇದೇ ದೋನ್ಯಾ, ಇದೇ ನಮ್ಮನೇದು’ ಅಂದ್ರೆ ಸಾಕು. ಆಮೇಲೆ ಈ ಒಲೆಗೆ ನೀರು ಸುರಿದು ಮಲ್ಕೊಂಡ್ಬಿಡ್ತೀನಿ.”

ಅಷ್ಟರಲ್ಲಿ ಬಂದವಳು ಹೈಟಿಯ ಯೊಲೆತ್. ಚಿಲಿಯಲ್ಲಿ ವರ್ಷಗಟ್ಟಲೆ ಕಸ ಗುಡಿಸಿ ನಮ್ಮ ಸ್ಪ್ಯಾನಿಷ್ ಭಾಷೆ ಕಲಿತು ಬಂದಿದ್ದಳು, ಇಲ್ಲಿ ಚೌಕದಲ್ಲಿ ಕೂತು ಹೆಂಗಸರಿಗೆ ಜಡೆ ಹೆಣೆಯುತ್ತಿದ್ದಳು. ಅವಳಿಗೆ ಮರ್ಯಾದೆಯ ಸುಳ್ಳು ಗೊತ್ತಿರಲಿಲ್ಲ. ಅವಳೂರಿನದೆಂದು ಎಲ್ಪಿದಿಯಾ ಮಾಡಿದ ರಾಜ್ಮಾಕಾಳಿನ ಅನ್ನವನ್ನು ಒಂದು ತುತ್ತು ತಿಂದು, “ಇದನ್ನ ನಮ್ಮೂರಲ್ಲಿ ಹಂದಿಗೂ ಹಾಕಲ್ಲ ದೋನ್ಯಾ” ಅಂದಳು.

“ನಿಮ್ಮೂರ ಹಂದಿಗೆ ಸೊಕ್ಕು” ಎಂದು ಎಲ್ಪಿದಿಯಾ ತಟ್ಟೆ ಕಿತ್ತುಕೊಂಡಳು. ಆದರೆ ಮನಸ್ಸಿಗೆ ಅವಳೇ ಹಿಡಿಸಿದಳು. ಇಂಥವಳು ಹೌದು ಅಂದರೆ ಅದು ಹೌದೇ.

ಡಿಸೆಂಬರಿನ ಕೊನೆಗೆ ಯೊಲೆತ್ ಕಾಗದದ ಆಸೆ ಬಿಟ್ಟಳು. ಜನವರಿ ಎರಡಕ್ಕೆ ಗುಂಪೊಂದು ನಡೆದು ಹೊರಡುವುದಿತ್ತು, ಅದರ ಜೊತೆ ಹೋಗುವುದೆಂದು ಗಟ್ಟಿ ಮಾಡಿಕೊಂಡಳು. ಮುನ್ನಾದಿನ ಒಂದನೇ ತಾರೀಕು. ಅವತ್ತು ಅವರ ಜನ ಕುಂಬಳದ ಸಾರು ಉಣ್ಣದೆ ವರ್ಷ ಶುರು ಮಾಡುವುದಿಲ್ಲ. ಮೂವತ್ತೊಂದರಂದೇ ಪೇಟೆಯೆಲ್ಲ ಅಲೆದು ಒಳ್ಳೆ ಕುಂಬಳಕಾಯಿ ಹುಡುಕಿ ತಂದು, “ಹೆಚ್ಚಿ ಬೇಯಿಸಿಡಿ ದೋನ್ಯಾ, ಬೆಳಗ್ಗೆ ಇಬ್ರೂ ಸೇರಿ ಮಾಡೋಣ” ಎಂದು ಕೊಟ್ಟು ಜಡೆ ಹೆಣೆಯಲು ಹೋದಳು.

ಎಲ್ಪಿದಿಯಾಳಿಗೆ ಇದೇ ಕೊನೆಯ ಅವಕಾಶ, ಅದು ಅವಳಿಗೂ ಗೊತ್ತಿತ್ತು. ಆದರೆ ಅವತ್ತು ಬೆಳಗಿನಿಂದ ಹಾಸಿಗೆ ಒಗೆದು ಕೋಣೆ ತೊಳೆದು ಸೋತಿದ್ದಳು. ಕುಂಬಳ ಹೆಚ್ಚಿ ಪಾತ್ರೆಗೆ ಹಾಕಿದಳು. ಮುಂದಿನ ಕೆಲಸ ಕೈಯೇ ಮಾಡಿತು. ನಮ್ಮಲ್ಲಿ ಕುಂಬಳ ಒಲೆಗೇರುವುದು ಸತ್ತವರ ಹಬ್ಬಕ್ಕೆ, ಬೆಲ್ಲ ಚಕ್ಕೆಯ ಜೊತೆ. ಚಿಕ್ಕವಳಿದ್ದಾಗಿನಿಂದ ಮಾಡಿದ ಕೈ, ಯಾರನ್ನೂ ಕೇಳಲಿಲ್ಲ.

ಒಂದನೇ ತಾರೀಕು ಬೆಳಿಗ್ಗೆ ಯೊಲೆತ್ ಮುಚ್ಚಳ ತೆಗೆದಳು. ಒಳಗೆ ಕಂದು ಪಾಕ.

“ದೋನ್ಯಾ, ಏನಿದು?”

ಎಲ್ಪಿದಿಯಾ ಬಂದು ನೋಡಿ ಬಾಯಿ ಮೇಲೆ ಕೈ ಇಟ್ಟುಕೊಂಡಳು. “ಅಯ್ಯೋ ಮಗಳೇ. ಅಯ್ಯೋ ನನ್ನ ಕೈ ಸೇದಿಹೋಗ್ಲಿ.”

“ಫ್ರೆಂಚ್ ಧಣಿಗಳ ಕಾಲ್ದಲ್ಲಿ ಈ ಸಾರು ಮಾಡ್ತಿದ್ದೋರು ಗುಲಾಮರಾಗಿದ್ದ ನಾವು, ತಿಂತಿದ್ದೋರು ಅವ್ರು. ಮುಟ್ಟಿದ್ರೆ ಚಾವಟಿ. ಅವ್ರನ್ನ ಓಡಿಸಿದ ದಿನ ನಮ್ಮೋರು ಕೂತು ಹೊಟ್ಟೆ ತುಂಬ ಕುಡಿದ್ರು. ಅದು ಒಂದನೇ ತಾರೀಕು, ಅದಕ್ಕೇ ಇದು. ನೀವು ಹೆಣದ ಮುಂದಿಡೋ ಮಿಠಾಯಿ ಮಾಡಿದೀರಾ!”

“ಬೇರೆ ಕಾಯಿ ತರ್ತೀನಿ.”

“ಎಲ್ಲಿಂದ ತರ್ತೀರಾ? ಪೇಟೆ ಬಾಗಿಲು ಹಾಕಿದೆ.”

ಎಲ್ಪಿದಿಯಾ ಆದರೂ ಓಣಿಯ ಮನೆಮನೆ ತಟ್ಟಿದಳು. ನನ್ನ ಮನೆಗೂ ಬಂದಳು. ಯಾರ ಬಳಿಯೂ ಇರಲಿಲ್ಲ. ಕುಂಟುತ್ತ ವಾಪಸು ಹೋದಾಗ ಯೊಲೆತ್ ನಲ್ಲಿಯ ಕೆಳಗೆ ಕುಂಬಳದ ಹೋಳುಗಳನ್ನು ತೊಳೆಯುತ್ತಿದ್ದಳು. ತೊಳೆದು, ಹಿಂಡಿ, ಮತ್ತೆ ತೊಳೆದು.

“ಏನ್ ನೋಡ್ತೀರಾ? ನಿಂಬೆಹಣ್ಣು ಹಿಂಡಿ. ಕೈ ಸೇದಿಹೋಗಿಲ್ಲ ತಾನೆ?”

ನಿಂಬೆ, ಬೆಳ್ಳುಳ್ಳಿಯಲ್ಲಿ ನೆನೆದ ದನದ ಮಾಂಸ, ಎಲೆಕೋಸು, ಆಲೂಗಡ್ಡೆ, ಶಾವಿಗೆ, ಮೇಲೆ ತೇಲುವ ಇಡೀ ಮೆಣಸಿನಕಾಯಿ. ಮಧ್ಯಾಹ್ನಕ್ಕೆ ಸಾರು ಕುದಿಯಿತು. ತಾನು ಉಣ್ಣುವ ಮೊದಲು ನೆರೆಯವರಿಗೆ ಹಂಚಬೇಕು, ಅವರ ಪದ್ಧತಿ. ನನಗೂ ಒಂದು ಬಟ್ಟಲು ಬಂತು. ಮೊದಲು ಸಿಹಿ, ಬೆನ್ನಿಗೇ ಖಾರ.

ಖಾಲಿ ಬಟ್ಟಲು ಕೊಡಲು ಹೋದಾಗ ಯೊಲೆತ್ ಉಣ್ಣುತ್ತಿದ್ದಳು, ಎಲ್ಪಿದಿಯಾ ಸೌಟು ಹಿಡಿದು ನಿಂತಿದ್ದಳು.

“ಇದೇನಾ?”

ಯೊಲೆತ್ ಅಗಿದು ನುಂಗಿದಳು. “ಅಲ್ಲ.”

ಎಲ್ಪಿದಿಯಾ ಸೌಟು ಕೆಳಗಿಟ್ಟಳು. ಯೊಲೆತ್ ಎದ್ದು ಇನ್ನೊಂದು ಬಟ್ಟಲು ಬಡಿಸಿಕೊಂಡಳು.

“ಅಲ್ಲ ಅಂದ್ಮೇಲೆ ಯಾಕೆ ತಿಂತೀಯಾ?”

“ನಾಳೆ ನಡೀಬೇಕಲ್ಲ.”

ಮರುದಿನ ಅವಳು ಹೋದಳು. ಆ ಕೋಣೆಗೆ ವೆನೆಜುವೆಲಾದವರು ಬಂದರು, ಅವರೂ ಹೋದರು. ಎಲ್ಪಿದಿಯಾ ಆ ಸಾರಿನ ಮಾತು ಎತ್ತಲಿಲ್ಲ.

ಮುಂದಿನ ವರ್ಷ ಒಂದನೇ ತಾರೀಕು ನಾವಿಬ್ಬರೂ ಬಾಗಿಲಲ್ಲಿ ಕೂತಿದ್ದಾಗ ಅವಳ ಫೋನಿಗೆ ಒಂದು ಧ್ವನಿ ಸಂದೇಶ ಬಂತು. ಉತ್ತರದ ಮೊಂತೆರ್ರೇ ಪಟ್ಟಣದಿಂದ ಯೊಲೆತ್. ನಮಸ್ಕಾರವಿಲ್ಲ, ಕ್ಷೇಮವಿಲ್ಲ.

“ದೋನ್ಯಾ, ಸಾರು ಮಾಡ್ದೆ. ನಮ್ಮವ್ವ ಮಾಡ್ತಿದ್ದ ಹಾಗೇ ಮಾಡ್ದೆ. ಸಪ್ಪೆ ಅನ್ಸುತ್ತೆ. ಆ ಬೆಲ್ಲ ಎಷ್ಟು ಹಾಕಿದ್ರಿ?”

ಎಲ್ಪಿದಿಯಾ ಎರಡನೇ ಸಲ ಹಾಕಿ ಕೇಳಿದಳು. ಆಮೇಲೆ ಫೋನನ್ನು ಬಾಯಿಗೆ ಹಿಡಿದು ಬೈಯುವ ದನಿಯಲ್ಲಿ ಹೇಳಿದಳು: “ಎಷ್ಟು ಅಂತ ಯಾರಿಗ್ಗೊತ್ತು? ಸುಸ್ತಾಗಿತ್ತು, ಕೈಗೆ ಬಂದಷ್ಟು ಹಾಕ್ದೆ. ತೊಳೆದೋಳು ನೀನು. ಎಷ್ಟು ಉಳೀತು ಅಂತ ನೀನೇ ಹೇಳ್ಬೇಕು.”

“ಇನ್ನೇನು, ಒಲೆಗೆ ನೀರು ಸುರೀತೀಯಾ?” ಅಂದೆ ನಾನು.

ಅವಳು ಅಂಗಳದತ್ತ ಕತ್ತು ಚಾಚಿ ನೋಡಿದಳು. “ಮೂಲೆ ಕೋಣೆಗೆ ಅಂಗೋಲಾದೋಳು ಬಂದಿದಾಳೆ. ಬೆಳಗ್ಗಿಂದ ಏನೋ ನೆನೆಹಾಕಿದಾಳೆ, ಕಾಳೋ ಬೀಜವೋ ತಿಳೀತಿಲ್ಲ.” ಮೊಣಕಾಲು ಹಿಡಿದು, ನರಳಿ, ಎದ್ದಳು.